ಸಮರವಿರೋಧ ಮತ್ತು ಮುಂಬಯಿಯ ಕಾರ್ಮಿಕ ಒಕ್ಕೂಟ

ಮುಂಬಯಿ ಕನ್ನಡ ಸಾಹಿತ್ಯವನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಈ ಮಹಾನಗರವು ಬಹುಮಟ್ಟಿಗೆ ಚಾಳು, ಹೋಟೆಲು, ಕಚೇರಿ ಮತ್ತು ಲೋಕಲ್ ರೈಲುಗಳ ನಗರವಾಗಿ ಕಾಣಿಸಿಕೊಂಡಿದೆ. ಯಶವಂತ ಚಿತ್ತಾಲರ ‘ಶಿಕಾರಿ’ಯಂತಹ ಕೃತಿ ಕಂಪೆನಿ ಜಗತ್ತಿನ ಒಳಸುಳಿಗಳನ್ನು ಬಿಚ್ಚಿಟ್ಟಿತು, ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕ ಸಂಘಟನೆಯ ಲೋಕಕ್ಕೆ ಕಾದಂಬರಿಯಲ್ಲಿ ಸ್ಥಾನ ದೊರಕಿಸಿತು, 1986ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಮನ್ನಣೆಯನ್ನೂ ಪಡೆಯಿತು. ಆದರೆ ಈ ನಗರದ ಶ್ರಮಜೀವಿಗಳು ಕೂಲಿಯ ಪ್ರಶ್ನೆಯನ್ನು ದಾಟಿ, ಜಗತ್ತಿನ ಯುದ್ಧವೊಂದರ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಕೆಲಸ ನಿಲ್ಲಿಸುವ ಮೂಲಕ ಸೂಚಿಸಿದ ಒಂದು ದಿನವುಂಟು. 1939ರ ಅಕ್ಟೋಬರ್ 2ರಂದು ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು 90,000 ಕಾರ್ಮಿಕರು ಒಂದು ದಿನದ ಮುಷ್ಕರ ಹೂಡಿದರು. ಎರಡನೆಯ ಮಹಾಯುದ್ಧದ ವಿರುದ್ಧ ಜಗತ್ತಿನಲ್ಲಿ ನಡೆದ ಮೊದಲ ದೊಡ್ಡ ಕಾರ್ಮಿಕ ಮುಷ್ಕರ ಇದೆಂದು ಕಾರ್ಮಿಕ ಚಳವಳಿಯ ಚರಿತ್ರೆಕಾರರು ಗುರುತಿಸಿದ್ದಾರೆ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಇದಕ್ಕೆ ಒಂದು ಸಾಲಿನ ಸ್ಥಳವೂ ದೊರೆತಿಲ್ಲವೆಂಬುದು ಯೋಚಿಸಬೇಕಾದ ಸಂಗತಿ.

ಇಂತಹ ಒಂದು ಒಕ್ಕೂಟ ಹೇಗೆ ಏರ್ಪಟ್ಟಿತು, ಅದರಲ್ಲಿ ಸೇರಿದವರು ಯಾವ ಕಾರಣದಿಂದ ಸೇರಿದರು, ಸೇರಿದ್ದಕ್ಕೆ ತೆತ್ತ ಬೆಲೆಯೇನು, ಎರಡೇ ವರ್ಷಗಳಲ್ಲಿ ಅದು ಒಡೆದುದೇಕೆ ಎಂಬ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಪ್ರಸ್ತುತ ಲೇಖನದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಕ್ಕೂಟವೊಂದು ನಿಲ್ಲುವುದು ಸೇರಿದವರೆಲ್ಲರ ಕಾರಣಗಳು ಒಂದೇ ಆಗಿರುವುದರಿಂದಲ್ಲ. ಭಿನ್ನ ಕಾರಣಗಳುಳ್ಳವರು ಒಂದು ಕಾರ್ಯದಲ್ಲಿ ಒಮ್ಮತಕ್ಕೆ ಬರುವುದರಿಂದ. 1939ರಲ್ಲಿ ಕಾರ್ಯ ಒಂದಾಗಿತ್ತು, ಕಾರಣಗಳು ಹಲವಾಗಿದ್ದವು. 1941ರ ತರುವಾಯ ಕಾರಣವನ್ನೂ ಒಂದಾಗಿಸಲು ಹೊರಟಾಗ ಕಾರ್ಯವೇ ಕೈತಪ್ಪಿತು.

ಮೊದಲಿಗೆ ಪದಗಳ ವಿಚಾರ. ಇಂದು ನಾವು ನಿರ್ವಿಕಾರವಾಗಿ ಬಳಸುವ ‘ಮುಷ್ಕರ’ ಎಂಬ ಪದಕ್ಕೆ ಹಳೆಯ ಬಳಕೆಯಲ್ಲಿ ಹಟ, ಸೊಕ್ಕು ಎಂಬ ಛಾಯೆಯಿತ್ತು. ನೆರೆಯ ತೆಲುಗಿನಲ್ಲಿ ಇಂದಿಗೂ ‘ಮುಷ್ಕರುಡು’ ಎಂದರೆ ದುಷ್ಟ, ಮೊಂಡ. ಮಾಲೀಕನ ಕಣ್ಣಿಗೆ ಹಟಮಾರಿತನವಾಗಿ ಕಂಡ ನಡತೆಯ ಹೆಸರೇ ಕಾರ್ಮಿಕನ ಹಕ್ಕಿನ ಹೆಸರಾಗಿ ಕನ್ನಡದಲ್ಲಿ ನೆಲೆಗೊಂಡದ್ದು ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಸ್ವಾರಸ್ಯದ ವಿಷಯವೇ ಸರಿ. ಬೆಳಗಾವಿ, ಮುಂಬಯಿಗಳ ಕನ್ನಡಿಗರು ಮರಾಠಿಯ ‘ಸಂಪ’ವನ್ನು ‘ಸಂಪು’ ಎಂದು ಮಾಡಿಕೊಂಡರು. ‘ಹರತಾಳ’ವು ಗುಜರಾತಿಯಿಂದ ಬಂದುದು, ಅಂಗಡಿಗೆ ಬೀಗ ಹಾಕುವುದು ಅದರ ಮೂಲಾರ್ಥ. ಹರತಾಳ ವ್ಯಾಪಾರಿಯದು, ಸಂಪು ದುಡಿಮೆಗಾರನದು. ಮೊದಲನೆಯದರಲ್ಲಿ ಸಾರ್ವಜನಿಕ ಶೋಕ ಅಥವಾ ಪ್ರತಿಭಟನೆಯ ಸೂಚನೆಯಿದ್ದರೆ ಎರಡನೆಯದರಲ್ಲಿ ಬೇಡಿಕೆಯ ಚೌಕಾಸಿಯಿದೆ. 1939ರ ಘಟನೆಯ ವೈಶಿಷ್ಟ್ಯವೆಂದರೆ ಅದು ರೂಪದಲ್ಲಿ ಸಂಪು, ಅರ್ಥದಲ್ಲಿ ಹರತಾಳ. ಅಂದು ಯಾವ ಗಿರಣಿಯ ಮಾಲೀಕನೂ ಈಡೇರಿಸಬಹುದಾದ ಬೇಡಿಕೆ ಅವರ ಮುಂದಿರಲಿಲ್ಲ. ಕೂಲಿಗಾಗಿ ನಡೆಯುವ ಮುಷ್ಕರಕ್ಕೂ ರಾಜಕೀಯ ಮುಷ್ಕರಕ್ಕೂ ಇರುವ ಭೇದ ಇದೇ.

ಇಂತಹ ರಾಜಕೀಯ ಮುಷ್ಕರ ಮುಂಬಯಿಗೆ ಹೊಸತಾಗಿರಲಿಲ್ಲ. 1908ರ ಜುಲೈಯಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಶಿಕ್ಷೆ ವಿಧಿಸಿದಾಗ ಗಿರಣಿ ಕಾರ್ಮಿಕರು ಹಲವು ದಿನಗಳ ಕಾಲ ಕೆಲಸ ನಿಲ್ಲಿಸಿದರು. ದೂರದಲ್ಲಿದ್ದ ಲೆನಿನ್ ಕೂಡ ಅದನ್ನು ಗಮನಿಸಿ ಬರೆದನು. ತಿಲಕರು ಅದೇ ಸೆರೆವಾಸದಲ್ಲಿ, ಮಂಡಾಲೆಯಲ್ಲಿ, ರಚಿಸಿದ ‘ಗೀತಾರಹಸ್ಯ’ವನ್ನು ಆಲೂರ ವೆಂಕಟರಾಯರು ಕನ್ನಡಕ್ಕೆ ತಂದರು. ಗ್ರಂಥವನ್ನು ನಾವು ಬಲ್ಲೆವು. ಆ ಗ್ರಂಥಕರ್ತನಿಗಾಗಿ ಕೂಲಿ ಬಿಟ್ಟವರನ್ನು ಅಷ್ಟಾಗಿ ಬಲ್ಲೆವೆನ್ನಲಾಗದು. ಮುಂದೆ 1928ರಲ್ಲಿ ಆರು ತಿಂಗಳ ಕಾಲ ನಡೆದ ಮಹಾಮುಷ್ಕರದ ಒಡಲಿನಿಂದ ಗಿರಣಿ ಕಾಮಗಾರ ಯೂನಿಯನ್ ಬೆಳೆದು ಬಂದಿತು. ಜನ ಅದನ್ನು ‘ಲಾಲ್ ಬಾವಟಾ’ ಎಂದೇ ಕರೆದರು. ಈ ಬಾವಟಾ ನಮ್ಮ ಬಾವುಟವೇ. ಮರುವರ್ಷದ ಮಾರ್ಚಿಯಲ್ಲಿ ಅದರ ಮುಂದಾಳುಗಳನ್ನು ಮೀರತ್ ಒಳಸಂಚಿನ ಮೊಕದ್ದಮೆಯಲ್ಲಿ ಬಂಧಿಸಲಾಯಿತು.

ಪರೇಲ್, ಲಾಲಬಾಗ್, ಶಿವಡಿ, ವರಳಿ, ಭಾಯಖಳಾಗಳನ್ನೊಳಗೊಂಡ ಗಿರಣಗಾಂವ್ ಒಂದೇ ಜನದ ಊರಾಗಿರಲಿಲ್ಲ. ರತ್ನಾಗಿರಿಯ ಕೊಂಕಣಿಗರು, ಸಾತಾರೆ ಮೊದಲಾದ ಘಟ್ಟದ ಮೇಲಿನ ಮರಾಠರು, ಉತ್ತರ ಹಿಂದೂಸ್ಥಾನದ ನೇಕಾರರು, ಮುಸಲ್ಮಾನರು, ದಲಿತರು ಅಲ್ಲಿ ಒಂದೆಡೆ ದುಡಿಯುತ್ತಿದ್ದರು. ಆದರೆ ಒಂದೆಡೆ ಉಣ್ಣುತ್ತಿರಲಿಲ್ಲ. ಇದಕ್ಕೊಂದು ಉದಾಹರಣೆ ಸಾಕು. ನೇಯ್ಗೆ ವಿಭಾಗದಲ್ಲಿ ಲಾಳಿಯ ನೂಲು ಮುಗಿದಾಗ ಹೊಸ ಎಳೆಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಹೊರತೆಗೆಯಬೇಕಾಗಿತ್ತು. ಒಬ್ಬನ ಎಂಜಲು ಇನ್ನೊಬ್ಬನಿಗೆ ತಾಗುವ ಈ ಕೆಲಸದಿಂದ, ಅಂದರೆ ಹೆಚ್ಚು ಕೂಲಿಯ ವಿಭಾಗದಿಂದ, ಅಸ್ಪೃಶ್ಯರೆನಿಸಿಕೊಂಡವರನ್ನು ದೂರವಿಡಲಾಗಿತ್ತು. 1928ರ ಮುಷ್ಕರದ ಸಂದರ್ಭದಲ್ಲಿ ಡಾ. ಅಂಬೇಡ್ಕರರು ಈ ಪ್ರಶ್ನೆಯನ್ನೆತ್ತಿದರು. ಮಾಲೀಕನ ಅನ್ಯಾಯವನ್ನು ಪ್ರಶ್ನಿಸುವ ಸಂಘವು ತನ್ನೊಳಗಿನ ಅನ್ಯಾಯದ ಬಗೆಗೆ ಏನು ಹೇಳುತ್ತದೆ ಎಂಬುದು ಅದರ ತಿರುಳು. ಕಾರ್ಮಿಕರ ಐಕ್ಯವನ್ನು ಕುರಿತು ಸುಲಭವಾಗಿ ಮಾತನಾಡುವವರು ಈ ಲಾಳಿಯನ್ನು ನೆನೆಯಬೇಕು.

ಹಾಗಿದ್ದೂ ಹತ್ತು ವರ್ಷಗಳ ತರುವಾಯ ಇದೇ ಅಂಬೇಡ್ಕರರ ಸ್ವತಂತ್ರ ಮಜೂರ ಪಕ್ಷವೂ ಕಮ್ಯುನಿಸ್ಟರ ಸಂಘಗಳೂ ಒಂದೇ ವೇದಿಕೆಗೆ ಬಂದವು. ಮುಂಬಯಿ ಪ್ರಾಂತದ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಸರಕಾರ 1938ರಲ್ಲಿ ಕೈಗಾರಿಕಾ ವಿವಾದಗಳ ಮಸೂದೆಯನ್ನು ತಂದಿತು. ಸಂಧಾನದ ದೀರ್ಘ ವಿಧಿಗಳು ಮುಗಿಯುವ ಮೊದಲೇ ಮುಷ್ಕರ ಹೂಡುವುದನ್ನು ಅದು ಶಿಕ್ಷಾರ್ಹವಾಗಿಸುತ್ತಿತ್ತು. ಮುಷ್ಕರದ ಹಕ್ಕೆಂಬುದು ಸ್ವಾತಂತ್ರ್ಯದ ಹಕ್ಕಿಗೆ ಇನ್ನೊಂದು ಹೆಸರು ಎಂದು ಅಂಬೇಡ್ಕರರು ಶಾಸನಸಭೆಯಲ್ಲಿ ವಾದಿಸಿದರು. 1938ರ ನವೆಂಬರ್ 7ರಂದು ಮಸೂದೆಯ ವಿರುದ್ಧ ಒಂದು ದಿನದ ಮುಷ್ಕರ ನಡೆಯಿತು. ಅದರ ಪೂರ್ವಭಾವಿ ಸಭೆಯ ವೇದಿಕೆಯಲ್ಲಿ ಅಂಬೇಡ್ಕರರೊಡನೆ ಎಸ್. ಎ. ಡಾಂಗೆ, ಎಸ್. ಎಸ್. ಮಿರಜಕರ್, ಜಮ್ನಾದಾಸ್ ಮೆಹತಾ ಮೊದಲಾದವರಿದ್ದರು. ಇವರಲ್ಲಿ ಯಾರ ರಾಜಕೀಯವೂ ಇನ್ನೊಬ್ಬರಿಗೆ ಒಪ್ಪಿಗೆಯಾದುದಲ್ಲ. ಒಪ್ಪಿಗೆಯಾದುದು ಒಂದು ದಿನದ ಒಂದು ಕಾರ್ಯ. ಮುಂದಿನ ವರ್ಷದ ಯುದ್ಧವಿರೋಧಿ ಮುಷ್ಕರಕ್ಕೆ ಇದು ಪೂರ್ವಾಭ್ಯಾಸದಂತಾಯಿತು. ಯುದ್ಧದ ಪ್ರಶ್ನೆ ಎದುರಾದಾಗ ಇದೇ ವೇದಿಕೆಯವರು ಬೇರೆ ಬೇರೆ ದಿಕ್ಕಿಗೆ ನಡೆದರೆಂಬುದನ್ನು ಮುಂದೆ ಕಾಣುತ್ತೇವೆ.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ನು ಜರ್ಮನಿಯ ಮೇಲೆ ಯುದ್ಧ ಸಾರಿತು. ಅಂದೇ ವೈಸರಾಯ್ ಲಿನ್‌ಲಿತ್‌ಗೋ, ಚುನಾಯಿತ ಪ್ರತಿನಿಧಿಗಳಲ್ಲಿ ಒಬ್ಬರನ್ನೂ ಕೇಳದೆ, ಭಾರತವೂ ಯುದ್ಧದಲ್ಲಿದೆಯೆಂದು ಘೋಷಿಸಿದನು. ಈ ಘೋಷಣೆಗೆ ಬಂದ ವಿರೋಧದ ಕಾರಣಗಳನ್ನು ಬಿಡಿಸಿ ನೋಡುವುದು ಅವಶ್ಯಕ. ಇದು ಸಾಮ್ರಾಜ್ಯಗಳ ನಡುವಣ ಜಗಳ, ದುಡಿಯುವವನಿಗೆ ಇದರಲ್ಲಿ ಪಕ್ಷವಿಲ್ಲ ಎಂಬುದು ಕಮ್ಯುನಿಸ್ಟರ ವಾದವಾಗಿತ್ತು. ಅದರ ಮೂಲ 1907ರ ಸ್ಟುಟ್‌ಗಾರ್ಟ್ ಸಮ್ಮೇಳನದಷ್ಟು ಹಳೆಯದು. ಯುದ್ಧವನ್ನು ತಡೆಯಲು ಕಾರ್ಮಿಕರು ಶಕ್ತಿಮೀರಿ ಯತ್ನಿಸಬೇಕೆಂದು ಯೂರೋಪಿನ ಸಮಾಜವಾದಿ ಪಕ್ಷಗಳು ಅಲ್ಲಿ ನಿರ್ಣಯಿಸಿದ್ದವು. 1914ರಲ್ಲಿ ನಿಜವಾಗಿ ಯುದ್ಧ ಬಂದಾಗ ಬಹುಪಾಲು ಪಕ್ಷಗಳು ತಂತಮ್ಮ ಸರಕಾರಗಳ ಬೆನ್ನಿಗೆ ನಿಂತು ಆ ನಿರ್ಣಯವನ್ನು ಮರೆತವು. ಜೊತೆಗೆ 1939ರ ಆಗಸ್ಟಿನಲ್ಲಿ ಸೋವಿಯತ್ ದೇಶವು ಜರ್ಮನಿಯೊಡನೆ ಅನಾಕ್ರಮಣ ಒಪ್ಪಂದ ಮಾಡಿಕೊಂಡಿತ್ತೆಂಬುದನ್ನೂ ಮರೆಮಾಚಬೇಕಾಗಿಲ್ಲ. ಕಮ್ಯುನಿಸ್ಟರ ನಿಲುವಿಗೂ ಆ ಒಪ್ಪಂದಕ್ಕೂ ಇದ್ದ ನಂಟು ಮುಂದೆ ದುಬಾರಿಯಾಗಿ ಪರಿಣಮಿಸಿತು. ಕಾಂಗ್ರೆಸಿನವರ ಆಕ್ಷೇಪ ಬೇರೆ: ತಾನೇ ಸ್ವತಂತ್ರವಲ್ಲದ ದೇಶ ಇನ್ನೊಬ್ಬರ ಸ್ವಾತಂತ್ರ್ಯಕ್ಕಾಗಿ ಹೋರಾಡುವುದೆಂತು? ಗಿರಣಗಾಂವಿನ ಚಾಳುಗಳಲ್ಲಿ ಇವೆರಡಕ್ಕಿಂತ ಗಟ್ಟಿಯಾಗಿ ಕೇಳಿಸಿದ್ದು ಇನ್ನೊಂದು ಮಾತು. ಯುದ್ಧ ಸಾರಿದ ಕೆಲವೇ ವಾರಗಳಲ್ಲಿ ಧಾನ್ಯದ ಬೆಲೆ ಏರತೊಡಗಿತ್ತು. ಮೊದಲ ಮಹಾಯುದ್ಧದ ತುಟ್ಟಿಯನ್ನು ಕಂಡ ಹಿರಿಯರು ಪ್ರತಿ ಚಾಳಿನಲ್ಲೂ ಇದ್ದರು. ಯುದ್ಧವೆಂದರೇನೆಂದು ಅವರಿಗೆ ಯಾರೂ ಸಿದ್ಧಾಂತ ಹೇಳಿ ತಿಳಿಸಬೇಕಾಗಿರಲಿಲ್ಲ.

ಹೀಗೆ ಭಿನ್ನ ಕಾರಣಗಳುಳ್ಳವರು ಅಕ್ಟೋಬರ್ 2ರಂದು ಒಟ್ಟಾದರು. ಅದು ಗಾಂಧೀಜಿಯವರು ಎಪ್ಪತ್ತು ವರ್ಷ ತುಂಬಿದ ದಿನವೂ ಆಗಿತ್ತು. ಪ್ರಾಂತದಲ್ಲಿ ಇನ್ನೂ ಕಾಂಗ್ರೆಸ್ ಮಂತ್ರಿಮಂಡಲವೇ ಇದ್ದಿತು. ಮಂತ್ರಿಮಂಡಲಗಳು ರಾಜೀನಾಮೆಯಿತ್ತದ್ದು ಆ ಬಳಿಕ. ಅಂದರೆ ಯುದ್ಧದ ವಿಚಾರದಲ್ಲಿ ಸರಕಾರದ ಗಾದಿ ಬಿಡಬೇಕೆ ಬೇಡವೆ ಎಂದು ನಾಯಕರು ಚರ್ಚಿಸುತ್ತಿದ್ದಾಗಲೇ ಗಿರಣಿಯ ಕೈಗಳು ಮಗ್ಗ ಬಿಟ್ಟಿದ್ದವು. ಪರೇಲಿನ ಕಾಮಗಾರ ಮೈದಾನದಲ್ಲಿ ಸೇರಿದ ಸಭೆ, ಯುದ್ಧಕ್ಕೆ ಎಳೆಯಲ್ಪಡುತ್ತಿರುವ ಎಲ್ಲ ದೇಶಗಳ ದುಡಿಯುವವರೊಡನೆ ತಾನಿರುವುದಾಗಿ ಸಾರಿತು. ನಿರ್ಣಯದಲ್ಲಿ ಜರ್ಮನಿಯ ಕಾರ್ಮಿಕನೂ ಶತ್ರುವಾಗಿರಲಿಲ್ಲ, ಇಂಗ್ಲೆಂಡಿನವನೂ ಶತ್ರುವಾಗಿರಲಿಲ್ಲ. ಪರದೇಶ ಕಂಡರಿಯದ, ಬಹುತೇಕ ಓದುಬರಹವಿಲ್ಲದ ಜನಸಮುದಾಯವೊಂದು ಹೀಗೆ ಯೋಚಿಸಿತೇ, ಇಲ್ಲವೆ ನಾಯಕರು ಯೋಚಿಸಿದ್ದಕ್ಕೆ ಕೈಯೆತ್ತಿತೇ ಎಂಬ ಸಂಶಯ ಸಹಜ. ನನ್ನ ಮಟ್ಟಿಗೆ, ಕೈಯೆತ್ತುವುದಕ್ಕೆ ಬೆಲೆಯಿಲ್ಲದಿದ್ದ ಪಕ್ಷದಲ್ಲಿ ಮಾತ್ರ ಈ ಸಂಶಯಕ್ಕೆ ಅರ್ಥವಿರುತ್ತಿತ್ತು.

ಬೆಲೆಯಿತ್ತು. ಗಿರಣಿಯ ಬದಲಿ ಪದ್ಧತಿಯನ್ನು ತಿಳಿಯದೆ ಇದು ಅರ್ಥವಾಗಲಾರದು. ಕಾಯಂ ಆದ ಕೆಲಸಗಾರನು ಬಾರದ ದಿನ ಅವನ ಮಗ್ಗಕ್ಕೆ ನಿಲ್ಲಲು ‘ಬದಲಿ’ಗಳೆಂಬ ಆಳುಗಳು ಬೆಳಗಾದರೆ ಗಿರಣಿಯ ಬಾಗಿಲಲ್ಲಿ ಕಾದಿರುತ್ತಿದ್ದರು. ಅವರಲ್ಲಿ ಯಾರನ್ನು ಒಳಗೆ ಕರೆಯಬೇಕೆಂಬುದು ಬಹುಕಾಲ ಮುಕಾದಮನ ಮರ್ಜಿಗೆ ಸೇರಿದ್ದಾಗಿತ್ತು. ಆ ಮರ್ಜಿಗೆ ಕಾಣಿಕೆಯೂ ಸಲ್ಲುತ್ತಿತ್ತು. ಕಾಯಂ ಕೆಲಸಗಾರನಿಗೆ ಒಂದು ದಿನದ ಗೈರುಹಾಜರಿಯೆಂದರೆ ಒಂದು ದಿನದ ಕೂಲಿ ಮಾತ್ರವಲ್ಲ, ಮುಕಾದಮನ ಪಟ್ಟಿಯಲ್ಲಿ ಒಂದು ಗೀಟು. ಬದಲಿಯವನಿಗಾದರೋ ಆ ದಿನವೇ ಅವಕಾಶದ ದಿನ: ಎಲ್ಲರೂ ಹೊರಗಿರುವಾಗ ಒಳಹೊಕ್ಕರೆ ಕೆಲಸ ಕಾಯಂ ಆದೀತು. ಮುಷ್ಕರ ನಿಲ್ಲುವುದು ಬದಲಿಯವನು ಬಾಗಿಲು ದಾಟದಿದ್ದರೆ ಮಾತ್ರ. ಆದ್ದರಿಂದ ಅಕ್ಟೋಬರ್ 2ರ 90,000ದ ಹಿಂದೆ, ಅಂದು ಗಿರಣಿಯ ಬಾಗಿಲಿಗೆ ಬಂದೂ ಒಳಗೆ ಹೋಗದ ಲೆಕ್ಕಕ್ಕೆ ಸಿಗದ ಜನರಿದ್ದಾರೆ. ಒಕ್ಕೂಟವನ್ನು ಸೇರುವುದು ಮತ್ತು ಒಕ್ಕೂಟವನ್ನು ಬೆಂಬಲಿಸುವುದು ಎಂಬ ಎರಡು ಕ್ರಿಯೆಗಳ ನಡುವಣ ಅಂತರವನ್ನು ಈ ಬಾಗಿಲಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಸಂಘದ ಚೀಟಿ ಪಡೆದವನು ಸೇರಿದವನು. ಚೀಟಿಯಿಲ್ಲದೆಯೂ ಒಳಹೋಗದೆ ನಿಂತವನು ಬೆಂಬಲಿಸಿದವನು. ಎರಡನೆಯವನು ಕಳೆದುಕೊಂಡದ್ದು ಕೆಲವೊಮ್ಮೆ ಹೆಚ್ಚು. ಚರಿತ್ರೆ ಬರೆಯುವವರಿಗೆ ದೊರೆಯುವುದು ಚೀಟಿಗಳ ಲೆಕ್ಕವೇ ಆದುದರಿಂದ ಅವನು ಪುಟಗಳಿಂದ ಜಾರಿಹೋಗಿದ್ದಾನೆ.

ಮುಂಬಯಿಯ ಕನ್ನಡಿಗರು ಎಲ್ಲಿದ್ದರೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಗಿರಣಿ ಕಾರ್ಮಿಕರಲ್ಲಿ ಅವರದು ದೊಡ್ಡ ಪಾಲಲ್ಲ. ಕರಾವಳಿಯಿಂದ ಬಂದ ಬಹುಮಂದಿ ಹೋಟೆಲು, ಕ್ಯಾಂಟೀನು, ಬಂದರು, ಸಣ್ಣ ಕಚೇರಿಗಳಲ್ಲಿದ್ದರು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ 1908ರಷ್ಟು ಹಿಂದೆಯೇ ಆರಂಭವಾಗಿತ್ತು. ಹೋಟೆಲಿನ ಹುಡುಗನಿಗೆ ಮಾಲೀಕನೇ ಊರಿನವನು, ಅನ್ನದಾತ, ಕೆಲವೊಮ್ಮೆ ನೆಂಟ. ಮಲಗುವುದೂ ಆ ಹೋಟೆಲಿನಲ್ಲೇ. ಅಲ್ಲಿ ಸಂಘ ಕಟ್ಟುವುದು ಗಿರಣಿಯಲ್ಲಿ ಕಟ್ಟಿದಷ್ಟು ಸುಲಭವಲ್ಲ. ಬಂದರಿನಲ್ಲಿ ಸ್ಥಿತಿ ಭಿನ್ನವಾಗಿತ್ತು. ಮುಂದೆ ಬಂದರು ಕಾರ್ಮಿಕರ ನಾಯಕರಾಗಿ ಬೆಳೆದ ಪಿ. ಡಿಮೆಲ್ಲೊ ದಕ್ಷಿಣ ಕನ್ನಡ ಮೂಲದವರು; 1958ರಲ್ಲಿ ತೀರಿಕೊಂಡ ಅವರ ಹೆಸರನ್ನು ಬಂದರಿನ ಬದಿಯ ರಸ್ತೆ ಇಂದಿಗೂ ಹೊತ್ತಿದೆ. ಅವರ ಗರಡಿಯಲ್ಲೇ ಪಳಗಿದ ಮಂಗಳೂರಿನ ಇನ್ನೊಬ್ಬ ತರುಣನ ವಿಚಾರಕ್ಕೆ ಮುಂದೆ ಬರೋಣ.

ಅಕ್ಟೋಬರಿನ ಒಂದು ದಿನ ಮುಂದಿನ ಮಾರ್ಚಿಯಲ್ಲಿ 40 ದಿನಗಳಾಗಿ ಬೆಳೆಯಿತು. ತುಟ್ಟಿಭತ್ಯೆಗಾಗಿ 1940ರ ಮಾರ್ಚ್ 5ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು 1,75,000 ಗಿರಣಿ ಕಾರ್ಮಿಕರು ಭಾಗವಹಿಸಿದರು. ಅವರಿಗೆ ಬೆಂಬಲವಾಗಿ ಮಾರ್ಚ್ 10ರಂದು ಇತರ ಉದ್ಯಮಗಳವರೂ ಒಂದು ದಿನ ಕೆಲಸ ನಿಲ್ಲಿಸಿದರು. ಈ ಮುಷ್ಕರವನ್ನು ಕೇವಲ ಆರ್ಥಿಕವೆಂದೂ ಅಕ್ಟೋಬರಿನದನ್ನು ಕೇವಲ ರಾಜಕೀಯವೆಂದೂ ವಿಂಗಡಿಸುವ ವಾಡಿಕೆ ನನಗೆ ಸರಿಯೆನಿಸುವುದಿಲ್ಲ. ಯುದ್ಧವು ಬೇಡವೆಂದು ಹೇಳಿದವನು, ಬಂದ ಮೇಲೆ ಅದರ ಖರ್ಚನ್ನು ತಾನು ಹೊರುವುದಿಲ್ಲವೆಂದೂ ಹೇಳಿದನು. ಗಿರಣಿಗಳಿಗೆ ಯುದ್ಧದ ಬೇಡಿಕೆಯಿಂದ ಲಾಭ ಹೆಚ್ಚುತ್ತಿದ್ದಾಗ ಕೂಲಿ ಇದ್ದಲ್ಲೇ ಇರುವುದೆಂದರೆ ಯುದ್ಧದ ತೆರಿಗೆಯನ್ನು ಅಡಿಗೆಮನೆಯಿಂದ ವಸೂಲು ಮಾಡಿದಂತೆ. ವಿಶ್ವವಿದ್ಯಾಲಯದ ಅಧ್ಯಾಪಕರಾದ ನಾವು ವರ್ಷಕ್ಕೆರಡು ಬಾರಿ ಆಸೆಯಿಂದ ಕಾಯುವ ತುಟ್ಟಿಭತ್ಯೆ ಮಹಾಯುದ್ಧಗಳ ಕಾಲದ ಕೂಸು. ಅದನ್ನು ಬೆಲೆಸೂಚಿಗೆ ಕಟ್ಟಿಹಾಕಿದುದರಲ್ಲಿ ಈ ಗಿರಣಿಗಳ ಹೋರಾಟದ ಪಾಲು ಸಣ್ಣದಲ್ಲ. ನಮ್ಮ ಸಂಬಳದ ಚೀಟಿಯಲ್ಲಿ ಆ ಚರಿತ್ರೆ ಇದೆ, ಪಠ್ಯದಲ್ಲಿಲ್ಲ.

ಮುಷ್ಕರದ ನಡುವೆಯೇ ನಾಯಕರನ್ನು ಬಂಧಿಸಲಾಯಿತು. ಡಾಂಗೆ ಮೊದಲಾದವರನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ವಿಚಾರಣೆಯಿಲ್ಲದೆ ಇರಿಸಿದರು. ಇತ್ತ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನಲ್ಲಿ ಯುದ್ಧದ ಪ್ರಶ್ನೆ ಬೇರೊಂದು ಬಗೆಯ ಬಿಕ್ಕಟ್ಟನ್ನು ತಂದಿತು. ಅಗಲಿದ್ದ ಮಿತವಾದಿ ಸಂಘಗಳು ಮರಳಿ ಸೇರುವಾಗ, ರಾಜಕೀಯ ಪ್ರಶ್ನೆಗಳನ್ನು ಮುಕ್ಕಾಲು ಬಹುಮತದಿಂದಲೇ ತೀರ್ಮಾನಿಸಬೇಕೆಂಬ ಕರಾರಾಗಿತ್ತು. ಶುಷ್ಕವಾಗಿ ಕಾಣುವ ಈ ನಿಯಮವೇ ಒಕ್ಕೂಟದ ಜೀವಾಳವೆಂದು ನಾನು ತಿಳಿಯುತ್ತೇನೆ. ಅರ್ಧಕ್ಕಿಂತ ಒಂದು ಮತ ಹೆಚ್ಚು ಪಡೆದವನು ಉಳಿದ ಅರ್ಧದ ಅಂತಃಕರಣವನ್ನು ಕೊಂಡುಕೊಂಡಂತಾಗದಿರಲಿ ಎಂಬ ಎಚ್ಚರ ಅದರಲ್ಲಿದೆ. 1940ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲೇ ಸೇರಿದ ಅಧಿವೇಶನವು, ಭಾರತಕ್ಕೆ ಸ್ವಾತಂತ್ರ್ಯವನ್ನೂ ಪ್ರಜಾಪ್ರಭುತ್ವವನ್ನೂ ತರದ ಯುದ್ಧದಲ್ಲಿ ಭಾಗವಹಿಸುವುದರಿಂದ ಕಾರ್ಮಿಕರಿಗೆ ಹಿತವಿಲ್ಲವೆಂಬ ನಿರ್ಣಯವನ್ನು ಸ್ವೀಕರಿಸಿತು. ಯುದ್ಧವನ್ನು ಬೆಂಬಲಿಸಿದ ಎಂ. ಎನ್. ರಾಯ್ ಮತ್ತು ಜಮ್ನಾದಾಸ್ ಮೆಹತಾ 1941ರಲ್ಲಿ ಭಾರತೀಯ ಮಜೂರ ಫೆಡರೇಶನ್ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿದರು. ಯುದ್ಧಪರ ಪ್ರಚಾರಕ್ಕೆಂದು ಸರಕಾರ ಅದಕ್ಕೆ ತಿಂಗಳಿಗೆ 13,000 ರೂಪಾಯಿಗಳನ್ನು ಕೊಟ್ಟಿತು. ಮಾತು ಪ್ರಾಮಾಣಿಕವಾದುದೇ ಇರಬಹುದು. ನಾಜಿಗಳ ವಿಜಯ ಮನುಕುಲಕ್ಕೇ ಗಂಡಾಂತರವೆಂಬ ರಾಯ್ ಅವರ ವಾದದಲ್ಲಿ ಹುರುಳಿತ್ತು. ಆದರೆ ಹಣ ತೆಗೆದುಕೊಂಡ ಮೇಲೆ ಪ್ರಾಮಾಣಿಕ ಮಾತಿಗೂ ಕೇಳುಗರು ಸಿಗುವುದು ಕಷ್ಟ.

ಅಂಬೇಡ್ಕರರ ನಿಲುವನ್ನು ಇವರೊಡನೆ ಒಂದೇ ಗಂಟಿಗೆ ಕಟ್ಟಬಾರದು. ಅವರೂ ಯುದ್ಧಪ್ರಯತ್ನವನ್ನು ಬೆಂಬಲಿಸಿದರು. 1942ರ ಜುಲೈಯಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡರು. ಭಾರತದ ಕಾರ್ಮಿಕರು ಯುದ್ಧವನ್ನು ಗೆಲ್ಲಲು ಏಕೆ ದೃಢಮನಸ್ಕರಾಗಿದ್ದಾರೆಂಬ ವಿಷಯವಾಗಿ ಆಕಾಶವಾಣಿಯ ಮುಂಬಯಿ ಕೇಂದ್ರದಿಂದ ಅವರು ಮಾಡಿದ ಭಾಷಣ 1943ರ ಆರಂಭದಲ್ಲಿ ಪ್ರಕಟವಾಯಿತು. ಹುಟ್ಟಿನಿಂದ ಮೇಲು ಕೀಳನ್ನು ಅಳೆಯುವ ಸಿದ್ಧಾಂತವು ಗೆದ್ದರೆ ಏನಾದೀತೆಂಬುದನ್ನು ಅಂಬೇಡ್ಕರರಿಗೆ ಯೂರೋಪಿನಿಂದ ಯಾರೂ ಬಂದು ವಿವರಿಸಬೇಕಾಗಿರಲಿಲ್ಲ. ಲಾಳಿಯ ಪ್ರಶ್ನೆಯನ್ನೆತ್ತಿದ ಕಣ್ಣೇ ಇಲ್ಲೂ ನೋಡುತ್ತಿದೆ. ಯುದ್ಧವಿರೋಧಿಗಳೆಲ್ಲ ಸರಿ, ಉಳಿದವರೆಲ್ಲ ತಪ್ಪು ಎಂಬ ಸರಳ ಲೆಕ್ಕ ಆ ಕಾಲಕ್ಕೆ ಒಪ್ಪುವುದಿಲ್ಲ.

ಇದೇ ಅವಧಿಯಲ್ಲಿ ಇದೇ ಕಡಲತೀರದ ದಕ್ಷಿಣಕ್ಕೆ, ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕಿನಲ್ಲಿ, ಯುದ್ಧವಿರೋಧದ ಇನ್ನೊಂದು ಎಳೆ ಬೆಳೆಯುತ್ತಿತ್ತು. ಕನ್ನಡ ಸಾಹಿತ್ಯ ಗಿರಣಗಾಂವನ್ನು ಮರೆತರೂ ಇದನ್ನು ಮರೆಯಲಿಲ್ಲವಾದುದರಿಂದ ಇಲ್ಲಿ ಅದರ ಪ್ರಸ್ತಾಪ ಅಗತ್ಯ. 1940ರ ಸೆಪ್ಟೆಂಬರ್ 15ರಂದು ಮಲಬಾರಿನಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ದಿನದ ಆಚರಣೆ ನಡೆದು ಪೋಲೀಸರೊಡನೆ ಘರ್ಷಣೆಗಳಾದವು. ದಮನ ಬಿರುಸಾಯಿತು. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಗೆ ಎದುರಾದ ಪೋಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತನು. 1943ರ ಮಾರ್ಚ್ 29ರಂದು ನಾಲ್ವರು ರೈತರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದ ನಿರಂಜನರು ಆ ಪರಿಸರವನ್ನು ಬಲ್ಲವರು. ‘ಚಿರಸ್ಮರಣೆ’ ಕಾದಂಬರಿ ಅಲ್ಲಿಂದ ಹುಟ್ಟಿತು. ತರಗತಿಯಲ್ಲಿ ಈ ಕಾದಂಬರಿಯನ್ನು ಪಾಠ ಹೇಳುವಾಗ ದಿನಾಂಕಗಳ ಅಂತರವನ್ನು ವಿದ್ಯಾರ್ಥಿಗಳ ಗಮನಕ್ಕೆ ತರುವುದು ಉಚಿತ. ಮೆರವಣಿಗೆ ನಡೆದಾಗ ಪಕ್ಷ ಯುದ್ಧವನ್ನು ವಿರೋಧಿಸುತ್ತಿತ್ತು; ನಾಲ್ವರು ನೇಣಿಗೇರಿದಾಗ ಅದೇ ಪಕ್ಷ ಯುದ್ಧವನ್ನು ಬೆಂಬಲಿಸುತ್ತಿತ್ತು.

ಈ ಬದಲಾವಣೆಯ ಕಥೆ ತಿಳಿದದ್ದೇ. 1941ರ ಜೂನ್ 22ರಂದು ಹಿಟ್ಲರನು ಸೋವಿಯತ್ ದೇಶದ ಮೇಲೆ ಬಿದ್ದನು. ಅದೇ ವರ್ಷದ ಕೊನೆಯ ಹೊತ್ತಿಗೆ ಭಾರತದ ಕಮ್ಯುನಿಸ್ಟರಿಗೆ ಯುದ್ಧವು ‘ಜನತಾಯುದ್ಧ’ವಾಯಿತು; 1942ರ ಜುಲೈಯಲ್ಲಿ ಪಕ್ಷದ ಮೇಲಿದ್ದ ನಿಷೇಧ ತೆರವಾಯಿತು. ಆಗಸ್ಟಿನಲ್ಲಿ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಿಂದಲೇ ‘ಭಾರತ ಬಿಟ್ಟು ತೊಲಗಿ’ ಕರೆ ಹೊರಟಾಗ ಅಹಮದಾಬಾದಿನ ಗಿರಣಿಗಳು ಮೂರು ತಿಂಗಳಿಗೂ ಮೀರಿ ಮುಚ್ಚಿದ್ದವು, ಬೆಂಗಳೂರು ಭದ್ರಾವತಿಗಳ ಕಾರ್ಮಿಕರೂ ಹೊರಬಂದರು. ಮೂರು ವರ್ಷಗಳ ಹಿಂದೆ ಯುದ್ಧದ ವಿರುದ್ಧ ಮೊದಲು ಎದ್ದ ಗಿರಣಗಾಂವ್ ಬಹುಮಟ್ಟಿಗೆ ದುಡಿಯುತ್ತಲೇ ಇತ್ತು. ಉತ್ಪಾದನೆ ನಿಲ್ಲಬಾರದೆಂದು ಹೇಳುತ್ತಿದ್ದವರು ಹಿಂದೆ ನಿಲ್ಲಿಸಬೇಕೆಂದವರೇ. ನಾಜಿವಾದದ ಸೋಲು ಅವಶ್ಯಕವೆಂಬ ಮಾತು ತಪ್ಪೆಂದು ಇಂದು ಯಾರೂ ಹೇಳಲಾರರು. ಪ್ರಶ್ನೆ ಅದಲ್ಲ. ಯುದ್ಧವಿರೋಧ ತಮ್ಮದೆಂದು ಒಂದು ದಿನದ ಕೂಲಿ ಕೊಟ್ಟು ದೃಢಪಡಿಸಿದವರನ್ನು ಕೇಳದೆ ಆ ನಿಲುವನ್ನು ಹಿಂತೆಗೆದುಕೊಳ್ಳುವ ಅಧಿಕಾರ ಯಾರಿಗಿತ್ತು? ವೈಸರಾಯನು ದೇಶವನ್ನು ಕೇಳದೆ ಯುದ್ಧಕ್ಕಿಳಿಸಿದನೆಂಬ ಆಕ್ಷೇಪದಿಂದ ಹೊರಟ ಚಳವಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದಾಗಬೇಕಿತ್ತು. ಟ್ರೇಡ್ ಯೂನಿಯನ್ ಕಾಂಗ್ರೆಸ್ಸಾದರೋ 1942ರಲ್ಲಿ ಯಾವ ನಿಲುವಿಗೂ ಮುಕ್ಕಾಲು ಬಹುಮತ ದೊರೆಯದೆ, ಯುದ್ಧದ ವಿಷಯದಲ್ಲಿ ಸದಸ್ಯರಿಗೆ ಅವರವರ ದಾರಿಯನ್ನು ಬಿಟ್ಟುಕೊಟ್ಟಿತು. ಇದನ್ನು ದೌರ್ಬಲ್ಯವೆಂದವರಿದ್ದಾರೆ. ಒಡೆಯದೆ ಉಳಿದದ್ದು ಅದರಿಂದಲೇ ಎಂಬುದನ್ನೂ ನೋಡಬೇಕು.

1946ರ ಫೆಬ್ರವರಿಯಲ್ಲಿ ಇನ್ನೊಮ್ಮೆ ಅಂತಹ ಒಕ್ಕೂಟ, ಈ ಸಲ ಯಾರ ಪೂರ್ವಯೋಜನೆಯೂ ಇಲ್ಲದೆ, ಮುಂಬಯಿಯ ಬೀದಿಗೆ ಬಂದಿತು. ಫೆಬ್ರವರಿ 18ರಂದು ‘ತಲ್ವಾರ್’ ಕೇಂದ್ರದಲ್ಲಿ ಆರಂಭವಾದ ನೌಕಾದಳದ ನಾವಿಕರ ಬಂಡಾಯವನ್ನು ಊಟದ ಕಳಪೆತನಕ್ಕೂ ಅವಮಾನಕ್ಕೂ ಮಾತ್ರ ಸೀಮಿತಗೊಳಿಸಿ ಹೇಳುವುದುಂಟು. ಅವರ ಬೇಡಿಕೆಗಳಲ್ಲಿ ಇಂಡೋನೇಷ್ಯದಿಂದ ಭಾರತೀಯ ಸೈನ್ಯವನ್ನು ಹಿಂದಕ್ಕೆ ಕರೆಸಬೇಕೆಂಬುದೂ ಇತ್ತು. ಡಚ್ಚರ ವಸಾಹತನ್ನು ಮರಳಿ ನಿಲ್ಲಿಸಲು ಭಾರತೀಯ ಸಿಪಾಯಿಗಳು ಏಕೆ ಗುಂಡು ಹಾರಿಸಬೇಕು? ಅದರ ಹಿಂದಿನ ವರ್ಷವಷ್ಟೇ ಸಿಡ್ನಿ ಬಂದರಿನಲ್ಲಿ ಭಾರತೀಯ ನಾವಿಕರು ಇದೇ ಕಾರಣಕ್ಕೆ ಡಚ್ ಹಡಗುಗಳಿಂದ ಇಳಿದು ಬಂದಿದ್ದರು. ಫೆಬ್ರವರಿ 22ರಂದು ನಾವಿಕರನ್ನು ಬೆಂಬಲಿಸಿ ಗಿರಣಿ, ರೈಲ್ವೆ ಕಾರ್ಖಾನೆಗಳ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕಾಂಗ್ರೆಸ್ಸಿನ, ಮುಸ್ಲಿಂ ಲೀಗಿನ ದೊಡ್ಡ ನಾಯಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರುಣಾ ಅಸಫ್ ಅಲಿಯಂತಹ ಕೆಲವರು ಬೆಂಬಲಕ್ಕೆ ನಿಂತರು, ಕಮ್ಯುನಿಸ್ಟರು ಮುಷ್ಕರಕ್ಕೆ ಕರೆಯಿತ್ತರು. ಗೋಲಿಬಾರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಪರೇಲಿನಲ್ಲಿ ಗುಂಡಿಗೆ ಬಲಿಯಾದ ಕಮಲ್ ದೋಂಡೆಯವರ ಹೆಸರು ಉಳಿದುಬಂದಿದೆ. ಉಳಿದ ಹಲವರದು ಉಳಿದಿಲ್ಲ.

ಸ್ವಾತಂತ್ರ್ಯಾನಂತರದ ಕಥೆಯಲ್ಲಿ ಕನ್ನಡಿಗನೊಬ್ಬನ ಪಾತ್ರ ಮುನ್ನೆಲೆಗೆ ಬರುತ್ತದೆ. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿ, ಮುಂಬಯಿಗೆ ಬಂದು, ಡಿಮೆಲ್ಲೊ ಅವರ ಬಳಿ ಸಂಘಟನೆ ಕಲಿತ ಜಾರ್ಜ್ ಫರ್ನಾಂಡಿಸ್ ಟ್ಯಾಕ್ಸಿ ಚಾಲಕರನ್ನೂ ಹೋಟೆಲು ಕಾರ್ಮಿಕರನ್ನೂ ಒಗ್ಗೂಡಿಸಿದರು. ಗಿರಣಗಾಂವಿನ ಸಂಘಗಳ ಅಂಚಿನಲ್ಲಿದ್ದ ಹೋಟೆಲಿನ ಹುಡುಗನಿಗೂ ಸಂಘದ ಚೀಟಿ ದೊರೆತದ್ದು ಇಂತಹ ಪ್ರಯತ್ನಗಳಿಂದ. 1974ರ ಮೇ 8ರಂದು ಆರಂಭವಾದ ರೈಲ್ವೆ ಮುಷ್ಕರಕ್ಕೆ ಅವರೇ ನಾಯಕರು. ಮುಷ್ಕರ ನಡೆದಿರುವಾಗಲೇ, ಅವರು ಸೆರೆಯಲ್ಲಿರುವಾಗಲೇ, ಮೇ 18ರಂದು ಪೋಖರಣದಲ್ಲಿ ಭಾರತದ ಮೊದಲ ಅಣುಸ್ಫೋಟ ನಡೆದು ಪತ್ರಿಕೆಗಳ ಮುಖಪುಟದಿಂದ ರೈಲ್ವೆ ಕಾರ್ಮಿಕನನ್ನು ಕೆಳಗಿಳಿಸಿತು. 1998ರ ಮೇ ತಿಂಗಳಲ್ಲಿ ಅದೇ ಪೋಖರಣದಲ್ಲಿ ಮತ್ತೆ ಸ್ಫೋಟಗಳಾದಾಗ, ಒಂದು ಕಾಲಕ್ಕೆ ಅಣ್ವಸ್ತ್ರ ವಿರೋಧಿಯೆಂದು ಹೆಸರಾಗಿದ್ದ ಜಾರ್ಜ್ ದೇಶದ ರಕ್ಷಣಾ ಮಂತ್ರಿಗಳಾಗಿದ್ದರು. ಇದನ್ನು ವ್ಯಕ್ತಿಯ ಪತನವೆಂದು ಹಂಗಿಸಿ ಮುಗಿಸುವುದು ಸುಲಭ. ಕಾರ್ಮಿಕ ಚಳವಳಿಯ ಯುದ್ಧವಿರೋಧ ನಾಯಕನ ಅಂಗಿಯ ಜೇಬಿನಲ್ಲಿದ್ದಾಗ ಏನಾಗುತ್ತದೆಂಬುದಕ್ಕೆ 1942 ಒಂದು ನಿದರ್ಶನವಾದರೆ 1998 ಇನ್ನೊಂದು.

ಅಷ್ಟರಲ್ಲಿ ಗಿರಣಗಾಂವೇ ಕರಗುತ್ತಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಆರಂಭವಾದ, ಎರಡೂವರೆ ಲಕ್ಷದಷ್ಟು ಕಾರ್ಮಿಕರ ಮುಷ್ಕರವು ವಿಧಿವತ್ತಾಗಿ ಮುಗಿಯಲೇ ಇಲ್ಲ, ಗಿರಣಿಗಳು ಮುಗಿದವು. 2004ರ ಜನವರಿಯಲ್ಲಿ ಉಪನಗರ ಗೋರೆಗಾಂವಿನಲ್ಲಿ ವಿಶ್ವ ಸಾಮಾಜಿಕ ವೇದಿಕೆ ಸಮಾವೇಶಗೊಂಡಾಗ ಇರಾಕ್ ಯುದ್ಧವನ್ನು ವಿರೋಧಿಸಿ ಬಂದವರಲ್ಲಿ ಕಾರ್ಮಿಕ ಸಂಘಗಳಿದ್ದವು, ರೈತ, ದಲಿತ, ಮಹಿಳಾ ಸಂಘಟನೆಗಳಿದ್ದವು. ಗಿರಣಿ ಕಾರ್ಮಿಕನು ಹೆಚ್ಚಾಗಿ ನೆನಪಾಗಿದ್ದನು. ಆ ವೇದಿಕೆಯ ನಿಲುವು ಸಾಲದೆಂದವರು ಹೆದ್ದಾರಿಯ ಎದುರು ಬದಿಯಲ್ಲಿ ‘ಮುಂಬೈ ರೆಸಿಸ್ಟೆನ್ಸ್’ ಎಂಬ ಬೇರೆ ಸಮಾವೇಶವನ್ನೇ ನಡೆಸಿದರು. ಯುದ್ಧ ಬೇಡವೆಂಬುದರಲ್ಲಿ ಎರಡೂ ಕಡೆಯವರಿಗೆ ಭೇದವಿರಲಿಲ್ಲ, ಏಕೆ ಬೇಡವೆಂಬುದರಲ್ಲಿತ್ತು.

ಕೊನೆಯಲ್ಲಿ ನಮ್ಮ ವಿಭಾಗಗಳ ಕೆಲಸಕ್ಕೆ ಸಂಬಂಧಿಸಿದ ಒಂದು ಮಾತು. ಮೀನಾ ಮೆನನ್ ಮತ್ತು ನೀರಾ ಅಡಾರಕರ್ ಗಿರಣಿ ಕಾರ್ಮಿಕರ ಬಾಯಿಮಾತಿನ ಚರಿತ್ರೆಯನ್ನು ಸಂಗ್ರಹಿಸಿ 2004ರಲ್ಲಿ ಪ್ರಕಟಿಸಿದರು. ಅಂದು ಹಲವು ಹಿರಿಯರು ಇನ್ನೂ ಮಾತನಾಡಬಲ್ಲವರಾಗಿದ್ದರು. ಮುಂಬಯಿಯ ಕನ್ನಡ ದುಡಿಮೆಗಾರರನ್ನು ಕುರಿತೂ ಇಂತಹ ವ್ಯಾಪಕ ಸಂಗ್ರಹ ನಡೆಯಬೇಕಾಗಿದೆ. 1939ನ್ನು ಕಂಡವರನ್ನು ಕೇಳುವ ಕಾಲ ಕಳೆಯಿತು. ಆದರೆ ರಾತ್ರಿಶಾಲೆಗಳ ದಾಖಲೆ ಪುಸ್ತಕಗಳು, ಜಾತಿಸಂಘಗಳ ವಾರ್ಷಿಕ ವರದಿಗಳು, ಸಂಘಗಳ ಪತ್ರಿಕೆಗಳ ಹಳೆಯ ಸಂಚಿಕೆಗಳು, ಹೋಟೆಲು ಕಾರ್ಮಿಕರ ಸಂಘಗಳ ಕರಪತ್ರಗಳು ಫೋರ್ಟ್‌ನಿಂದ ಡೊಂಬಿವಲಿಯವರೆಗಿನ ಕಪಾಟುಗಳಲ್ಲಿ ಇದ್ದಾವು. ಶಾಲೆಯ ಹಾಜರಿ ಪುಸ್ತಕವೊಂದರಲ್ಲಿ 1939ರ ಅಕ್ಟೋಬರ್ 2ರ ರಾತ್ರಿ ಎಷ್ಟು ಹುಡುಗರು ಬಂದಿದ್ದರು, 1946ರ ಫೆಬ್ರವರಿ 22ರಂದು ಎಷ್ಟು ಮಂದಿ ಬಂದಿರಲಿಲ್ಲ ಎಂಬಷ್ಟು ತಿಳಿದರೂ ಸಂಶೋಧನೆಗೆ ಒಂದು ಆರಂಭ ದೊರೆತಂತಾಗುತ್ತದೆ. ಪಿಎಚ್.ಡಿ. ವಿಷಯಕ್ಕಾಗಿ ಮತ್ತೆ ಮತ್ತೆ ಅದೇ ನಾಲ್ಕು ಕಾದಂಬರಿಗಳ ಕಡೆಗೆ ಹೊರಳುವ ವಿದ್ಯಾರ್ಥಿಗಳು ಮೊದಲು ಈ ಕಪಾಟುಗಳ ಬೀಗ ತೆಗೆಸಿ ನೋಡಬಹುದು.